ಟೋಪಿ ತಿಂದ ಆಡು

ಭಾಲ್ಕಿಯಲ್ಲಿ ರೈಲು ನಿಲ್ದಾಣದಿಂದ ಬಸ್ ಸ್ಟ್ಯಾಂಡಿನ ಕಡೆ ಬರುವ ದಾರಿಯಲ್ಲಿ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಶಟರ್, ಗೋಡೆಗೆ ಒತ್ತಿ ಇಟ್ಟ ಹಳೆಯ ಟಿವಿಗಳು, ಅವುಗಳ ಮುಂದೆ ಬೆಂಚು. ಊರಿನ ದೊಡ್ಡವರು ನನ್ನನ್ನು ಮಕ್ಕಳನ್ನು ಕೆಡಿಸುವವನೆಂದು ಬೈಯುತ್ತಿದ್ದರು. ಬೈದವರ ಮಕ್ಕಳೇ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಸಾಯಗಾಂವದ ಬಸ್ಸು ತಪ್ಪಿದರೂ ಸರಿ, ಒಂದು ಆಟ ಆಡಿಯೇ ಹೋಗುವವರಿದ್ದರು.

ಎಲ್ಲರಿಗೂ ಬೇಕಾದ ಆಟ ಒಂದೇ. ಬೊಜ್ಜು ಹೊಟ್ಟೆಯ ಒಬ್ಬ ಕಾವಲುಗಾರ; ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ತಲೆಯ ಮೇಲೆ ಉಣ್ಣೆ ಟೋಪಿ. ಹಾಳು ಕೋಟೆಯೊಂದರ ನೆಲಮಾಳಿಗೆಗಳನ್ನು ಇಳಿಯುತ್ತಾ, ಕಳೆದುಹೋದ ಅಣ್ಣನನ್ನು ಹುಡುಕುವುದು ಅವನ ಕೆಲಸ. ಅವನ ಇಂಗ್ಲಿಷ್ ಹೆಸರು ನಮ್ಮ ಯಾರ ನಾಲಿಗೆಗೂ ಒಗ್ಗಲಿಲ್ಲ, ಹುಡುಗರು ಡುಮ್ಯಾ ಎಂದು ಕರೆದರು. ಡುಮ್ಯಾ ಸಾಯುವುದೇ ಆಟದಲ್ಲಿ ಎಲ್ಲಕ್ಕಿಂತ ಮಜವಾದ ಭಾಗ. ಬಾವಿಗೆ ಬೀಳಲಿ, ಚೇಳು ಕಡಿಯಲಿ, ಅವನು ಮೊದಲು ಟೋಪಿ ತೆಗೆಯುತ್ತಾನೆ, ಬೋಳು ತಲೆ ಕೆರೆದುಕೊಳ್ಳುತ್ತಾನೆ, ಆಮೇಲೆ 'ಕುಂಯ್ಕ್' ಎಂದು ಸದ್ದು ಮಾಡಿ ಹಿಂದಕ್ಕೆ ಉರುಳುತ್ತಾನೆ. ಆ ಕುಂಯ್ಕ್ ಕೇಳಿದರೆ ಇಡೀ ಅಂಗಡಿ ಬಿದ್ದು ಬಿದ್ದು ನಗುತ್ತಿತ್ತು. ಮರುಕ್ಷಣ ಅವನು ಮೊದಲ ಮೆಟ್ಟಿಲ ಮೇಲೆ ಟೋಪಿ ಹಾಕಿಕೊಂಡು ಮತ್ತೆ ನಿಂತಿರುತ್ತಿದ್ದ. ಸಾವು ಅಷ್ಟು ಅಗ್ಗವಾದರೆ ನಗುವುದಕ್ಕೆ ಏನು ಕಷ್ಟ.

ಬೆಂಚಿನ ಮೇಲೆ ಜಾಗ ಸಿಗದವರು ಹಿಂದೆ ನಿಂತು ಕೂಗುತ್ತಿದ್ದರು. "ಎಡಕ್ಕಲೇ, ಎಡಕ್ಕ! ಚೇಳ ಅದ, ಹಾರ್!" ಆಡುವವನಿಗೆ ಗುಂಡಿ ಒತ್ತುವ ಗಡಿಬಿಡಿ, ಮುಂದೆ ಏನಿದೆಯೆಂದು ನೋಡುವುದು ಹಿಂದಿನವರ ಜವಾಬ್ದಾರಿ. ಅಂಗಡಿಯಲ್ಲಿ ನಾನು ಮಾಡಿದ ಕಾನೂನು ಒಂದೇ ಒಂದು. ಹಿಂದೆ ನಿಂತು ಸುಳ್ಳು ಹೇಳಿ ಡುಮ್ಯಾನನ್ನು ಬಾವಿಗೆ ಬೀಳಿಸಿದವನು ಮತ್ತೆ ಒಳಗೆ ಕಾಲಿಡುವಂತಿಲ್ಲ. ಆಡುವ ಕೈ ನಂಬಿರುವುದು ಹಿಂದಿನ ಬಾಯಿಯನ್ನು, ಅದು ಮೋಸ ಮಾಡಬಾರದು. ನನ್ನ ಮಗಳು ಆ ಬೆಂಚಿನ ಹಿಂದೆ ನಿಂತೇ ಬೆಳೆದವಳು. ಅವಳಷ್ಟು ಚೊಕ್ಕವಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ದೊಡ್ಡ ದೊಡ್ಡ ಹುಡುಗರು ಕೂಡ "ಆಕಿ ಹೇಳ್ಲಿ, ನೀವು ಸುಮ್ನಿರ್ರಿ" ಎನ್ನುತ್ತಿದ್ದರು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಬೆಂಚು ಖಾಲಿಯಾಯಿತು. ನಾನು ಟಿವಿಗಳನ್ನು ಒಂದೊಂದಾಗಿ ಗುಜರಿಗೆ ಹಾಕಿ, ಅದೇ ಶಟರಿನಲ್ಲಿ ಫೋನಿನ ಕವರು, ಚಾರ್ಜರು ಮಾರಲು ಕುಳಿತೆ. ಒಂದು ಟಿವಿಯನ್ನು ಮಾತ್ರ ಹಿಂದಿನ ಮೂಲೆಯಲ್ಲಿ ಉಳಿಸಿಕೊಂಡೆ, ಯಾಕೆಂದು ನನಗೂ ಗೊತ್ತಿಲ್ಲ.

ಅದರ ಹಿಂದೆಯೇ ಸಕ್ಕರೆ ಕಾಯಿಲೆ ನನ್ನ ಕಣ್ಣಿಗೆ ಇಳಿಯಿತು. ಎಡಗಣ್ಣು ಮೊದಲು ಹೋಯಿತು. ನಾನು ಅದನ್ನು ಕನ್ನಡಕದ ದೋಷ ಎಂದುಕೊಂಡು ಕನ್ನಡಕದ ಅಂಗಡಿಯವನ ಜೊತೆ ಜಗಳ ಕಾದೆ. ಜಗಳ ಮುಗಿಯುವಷ್ಟರಲ್ಲಿ ಕಣ್ಣೂ ಮುಗಿದಿತ್ತು. ಉಳಿದದ್ದು ಬಲಗಣ್ಣು. ಅದರಲ್ಲಿ ಬೆಳಕು ಕಾಣುತ್ತಿತ್ತು, ಬಣ್ಣ ಕಾಣುತ್ತಿತ್ತು, ಎದುರಿಗೆ ಯಾರೋ ನಿಂತಿದ್ದಾರೆ ಎನ್ನುವುದು ಕಾಣುತ್ತಿತ್ತು, ಯಾರೆಂದು ಕಾಣುತ್ತಿರಲಿಲ್ಲ. ಆ ಬಲಗಣ್ಣನ್ನು ಉಳಿಸಿಕೊಳ್ಳಲು ಬೀದರಿಗೆ ಹೋಗಿ ಕಣ್ಣಿನೊಳಕ್ಕೆ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಕಣ್ಣಿಗೆ ಸೂಜಿ ಬರುವುದನ್ನು ಅದೇ ಕಣ್ಣಿನಿಂದ ನೋಡುವ ಭಾಗ್ಯ ವೈರಿಗೂ ಬೇಡ. ಆದರೂ ಆ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಈ ಕಣ್ಣು ಉಳಿಯುತ್ತದೆ ಎಂದು ಯಾರಾದರೂ ನನ್ನ ಮುಖ ನೋಡಿ ಹೇಳಬೇಕು.

ನಮ್ಮ ಕಡೆ ಡಾಕ್ಟರು ರೋಗಿಯ ಮುಖ ನೋಡಿ ಹೇಳುವುದು ಕಡಿಮೆ. "ಕೂಡ ಯಾರ್ ಬಂದಾರ?" ಎಂದು ಕೇಳುತ್ತಾರೆ. ಕೂಡ ಬಂದವರು ಒಳಗೆ ಹೋಗುತ್ತಾರೆ, ರೋಗಿ ಹೊರಗೆ ಬೆಂಚಿನ ಮೇಲೆ ಕೂರುತ್ತಾನೆ. ಒಳಗಿನವರು ಹೊರಗೆ ಬಂದು ಎಷ್ಟು ಹೇಳಬೇಕೋ ಅಷ್ಟನ್ನು ಹೇಳುತ್ತಾರೆ. ಇದನ್ನು ಯಾರೂ ತಪ್ಪೆಂದುಕೊಳ್ಳುವುದಿಲ್ಲ. ನನ್ನ ತಂದೆಗೆ ಕ್ಯಾನ್ಸರ್ ಆದಾಗ ಇಡೀ ಓಣಿಗೆ ಗೊತ್ತಿತ್ತು, ಅವರಿಗೊಬ್ಬರಿಗೇ ಗೊತ್ತಿರಲಿಲ್ಲ. ಅದನ್ನೇ ನಾವು ಪ್ರೀತಿ ಎಂದು ಕರೆಯುತ್ತೇವೆ.

ಆ ದಿನವೂ ಹಾಗೆಯೇ ಆಯಿತು. ನನ್ನ ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದರು. ಹೆಂಡತಿ, ಅವಳ ಅಣ್ಣ, ಮಗಳು ಒಳಗೆ ಹೋದರು. ಹೆಂಡತಿಯ ಅಣ್ಣ ಔರಾದದವರು, ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು. ತಂಗಿ ಫೋನು ಮಾಡಿದಳೆಂದು ಅಂಗಡಿ ಮುಚ್ಚಿ ಬೆಳಗಿನ ಬಸ್ಸಿಗೇ ಬಂದಿದ್ದರು. ಒಳಗಿನ ಮಾತು ಬಹಳ ಹೊತ್ತು ನಡೆಯಿತು. ಹೊರಗೆ ಬಂದಾಗ ಹೆಂಡತಿಯ ದನಿ ಹಬ್ಬದ ದಿನ ಬಂದವರನ್ನು ಕರೆಯುವ ದನಿಯಾಗಿತ್ತು.

"ಇನ್ ಸೂಜಿ ಬ್ಯಾಡಂತ್ರಿ. ಬರೇ ಹನಿ ಹಾಕ್ಕೊಂತ ಇದ್ರ ಸಾಕಂತ."

"ಸೂಜಿ ಬ್ಯಾಡಂದ್ರ? ಕಣ್ಣು ಸುಧಾರಿಸ್ಯಾದಂತೇನು?"

"ಹೂಂ ರಿ. ಸುಧಾರಿಸ್ಯಾದಂತ."

ನಾನು ಎಂಥ ಮಂಕು ಎಂದರೆ, ಆಟೋದವನಿಗೂ ಹೇಳಿದೆ. "ಭಾಯಿ, ಸೂಜಿ ಬಂದಾಯ್ತು ನೋಡ್ರಿ" ಎಂದೆ. ಅವನು ಅಲ್ಲಾಹನ ಹೆಸರು ಹೇಳಿ ಖುಷಿಪಟ್ಟ. ನನ್ನ ಪಕ್ಕದಲ್ಲಿ ಕುಳಿತ ಮೂವರೂ ಏನೂ ಮಾತಾಡಲಿಲ್ಲ. ನನಗೆ ಅದು ಆಗ ಕೇಳಿಸಲಿಲ್ಲ.

ಆಮೇಲೆ ಭಾವ "ನಡ್ರಿ ಭಾವ, ಇವತ್ತ ಎಲ್ರೂ ಕೂಡಿ ಪಿಚ್ಚರ್ ನೋಡಮು" ಎಂದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅವರೋ ಸಿನಿಮಾ ಎಂದರೆ ಮೂಗು ಮುರಿಯುವ ಮನುಷ್ಯ, ಮದುವೆಯ ವಿಡಿಯೋ ಹಾಕಿದರೂ ಎದ್ದು ಹೋಗುವವರು. ಮಗಳು ತಿಂಗಳಿನಿಂದ ಒಂದೇ ಪಿಚ್ಚರಿಗೆ ಹಟ ಹಿಡಿದಿದ್ದಳು. ನಮ್ಮ ಡುಮ್ಯಾನ ಆಟವನ್ನೇ ಯಾರೋ ಪರದೇಶದವರು ಸಿನಿಮಾ ಮಾಡಿದ್ದರು. ಮನೆಮಂದಿಯೆಲ್ಲ ಕೂತು ನೋಡುವಂಥದ್ದು, ಹಿಂದಿಯಲ್ಲೇ ಮಾತಾಡುತ್ತಾರೆ, ಬೀದರಿಗೆ ಬಂದಿದೆ ಎಂದು ಫೋನಿನಲ್ಲಿ ಓದಿ ಹೇಳುತ್ತಲೇ ಇದ್ದಳು. "ನಿನ್ ಡುಮ್ಯಾ ಅಪ್ಪಾ, ನಿನ್ ಡುಮ್ಯಾ!" ನನ್ನ ಅಂಗಡಿಯಲ್ಲಿ ಎಷ್ಟೋ ಸಲ ಸತ್ತವನು ಈಗ ದೊಡ್ಡ ಪರದೆಯ ಮೇಲೆ ಬಂದಿದ್ದಾನೆ, ಕಣ್ಣೂ ಸುಧಾರಿಸಿದೆ. ನನಗೆ ಇನ್ನೇನು ಬೇಕಾಗಿತ್ತು.

ಮಧ್ಯಾಹ್ನದ ಆಟ. ಹಾಲ್ ತುಂಬ ಮಕ್ಕಳು, ಕುರ್ಕುರೆ ಚೀಲಗಳ ಸದ್ದು. ನನಗೆ ಪರದೆಯ ಮೇಲೆ ಕಂಡದ್ದು ಮಳೆ ಬಿದ್ದ ರಂಗೋಲಿ. ಬಣ್ಣಗಳು ಓಡುತ್ತಿದ್ದವು, ಒಂದಕ್ಕೊಂದು ಸೇರಿಹೋಗುತ್ತಿದ್ದವು. ಮಾತು ಹಿಂದಿಯಲ್ಲಿತ್ತು, ಅದು ನನಗೆ ತಿಳಿಯುತ್ತಿತ್ತು. ಮಾತಿಲ್ಲದ ಕಡೆ ಮಗಳು ಕಿವಿಯಲ್ಲಿ ಹೇಳುತ್ತಿದ್ದಳು. ಬೆಂಚಿನ ಹಿಂದೆ ನಿಂತು ಕಲಿತ ವಿದ್ಯೆ. "ಈಗ ಮೆಟ್ಲ ಇಳ್ಯಾಕತ್ಯಾನ. ಚಾವಿ ಬಿತ್ತು. ಚೇಳ ಬಂತು, ಅದಕ್ಕ ಮೀಸಿ ಅದಾವ ಅಪ್ಪಾ, ನಮ್ ಮಾಮಾಂದ್ ಹಂಗ." ಪಕ್ಕದಲ್ಲಿ ಭಾವ ಕೆಮ್ಮಿದರು.

ಅರ್ಧ ಗಂಟೆಯಲ್ಲಿ ನನಗೆ ಸಿನಿಮಾ ಮಾಡಿದವರ ಮೇಲೆ ಗೌರವ ಬಂತು. ಒಂದು ಆಟವನ್ನು ಕಥೆ ಮಾಡುವುದು ಸುಲಭವಲ್ಲ. ಆಟದಲ್ಲಿ ಸತ್ತವನು ಏಳುತ್ತಾನೆ, ಅದಕ್ಕೇ ನಗು ಬರುತ್ತದೆ. ಕಥೆಯಲ್ಲೂ ಸತ್ತವರೆಲ್ಲ ಎದ್ದು ನಿಂತರೆ ಯಾರಿಗೂ ಭಯವಿರುವುದಿಲ್ಲ. ಯಾರೂ ಏಳದಿದ್ದರೆ ಮಕ್ಕಳು ಅತ್ತು ರಂಪ ಮಾಡುತ್ತವೆ. ಇವರು ಡುಮ್ಯಾನನ್ನು ಮೊದಲಿನಿಂದ ಎಡವಿಸಿ, ಬೀಳಿಸಿ, ನಗಿಸಿ ನಗಿಸಿ ನಮ್ಮನ್ನು ಕೆಳಗೆ ಕೆಳಗೆ ಕರೆದುಕೊಂಡು ಹೋದರು. ಕತ್ತಲೆ ಬಂದದ್ದು ನಮಗೆ ಗೊತ್ತಾಗಲೇ ಇಲ್ಲ. ಕೊನೆಯ ನೆಲಮಾಳಿಗೆಯಲ್ಲಿ ಅಣ್ಣ ಸಿಕ್ಕ, ಅವನ ತಲೆಯ ಮೇಲೂ ಉಣ್ಣೆ ಟೋಪಿ ಎಂದಳು ಮಗಳು. ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ಬೈದರು, ಹಾಲ್ ನಕ್ಕಿತು. ಆಮೇಲೆ ಏನೋ ಕುಸಿದ ಸದ್ದು. ಆಮೇಲೆ ಮಾತು ನಿಂತಿತು.

ನಾನು ಕಾದೆ. ಮಗಳು ಹೇಳಲಿಲ್ಲ.

"ಏನಾಯ್ತವ್ವಾ?"

"ಏನಿಲ್ಲಪ್ಪಾ. ಅವರಣ್ಣ ಟೋಪಿ ತೆಗ್ದಾನ. ತಲಿ ಕೆರ್ಕೋತಾನ." ಅವಳ ದನಿ ಸ್ವಲ್ಪ ತಡವರಿಸಿತು, ಆಮೇಲೆ ಒಮ್ಮೆಲೇ ಓಡಿತು. "ಟೋಪಿ ಕೈಜಾರಿ ಬಿತ್ತು. ಅಲ್ಲಿ ಒಂದ್ ಆಡ್ ಅದ ಅಪ್ಪಾ, ಬಿಳೇ ಆಡು. ಅದು ಬಂದು ಟೋಪಿ ತಿನ್ಲಾಕತ್ತದ. ಇವ ಕಿತ್ಕೊಳ್ಳಾಕ ಹೋಗ್ತಾನ, ಅದು ಬಿಡವಲ್ದು."

ಅಷ್ಟರಲ್ಲಿ ಕುಂಯ್ಕ್ ಕೇಳಿಸಿತು. ಬಹಳ ಮೆಲ್ಲಗೆ, ಎಳೆದು ಎಳೆದು. ಆ ಸದ್ದನ್ನು ಜಗತ್ತಿನಲ್ಲಿ ನನಗಿಂತ ಹೆಚ್ಚು ಸಲ ಕೇಳಿದವರು ಇರಲಿಕ್ಕಿಲ್ಲ. ಅದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸದ್ದಲ್ಲ, ಹಾಲ್. ಆಡೊಂದು ಟೋಪಿ ತಿನ್ನುತ್ತಿದ್ದರೆ ಇಷ್ಟು ಮಕ್ಕಳಲ್ಲಿ ಒಂದಾದರೂ ನಗಬೇಕಲ್ಲ? ಒಂದು ಚೀಲವೂ ಸದ್ದು ಮಾಡಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಮಗು ಬಿಕ್ಕಿತು. ಅದರ ತಾಯಿ ದಖ್ಖನಿ ಉರ್ದುವಿನಲ್ಲಿ ಗೊಣಗಿದಳು: ಮಕ್ಕಳ ಪಿಚ್ಚರ್ ಅಂತ ಕರೆದುಕೊಂಡು ಬಂದರೆ ಇವರು ಅಳಿಸಿ ಕಳಿಸುತ್ತಿದ್ದಾರಲ್ಲ.

ಮಗಳು ಇನ್ನೂ ಆಡಿನ ಕಥೆ ಹೇಳುತ್ತಲೇ ಇದ್ದಳು. ಅದರ ಕೊರಳಲ್ಲಿ ಗಂಟೆ ಇದೆಯಂತೆ. ಅದು ಉಣ್ಣೆಯ ದಾರ ಎಳೆದು ಎಳೆದು ಶಾವಿಗೆಯ ಹಾಗೆ ನುಂಗುತ್ತಿದೆಯಂತೆ. ಎಷ್ಟು ಚೆನ್ನಾಗಿ ಹೇಳಿದಳೆಂದರೆ ನನಗೆ ಆ ಆಡು ಕಂಡಿತು. ಇಡೀ ಪಿಚ್ಚರಿನಲ್ಲಿ ನನಗೆ ಸ್ಪಷ್ಟವಾಗಿ ಕಂಡದ್ದು ಅದೊಂದೇ.

ಆಮೇಲೆ ಪರದೆಯಲ್ಲಿ ಡುಮ್ಯಾನ ದನಿ ಬಂತು. ಅಣ್ಣಾ, ನಿನ್ನ ಟೋಪಿ ನನಗೆ ಬಹಳ ದೊಡ್ಡದು, ಕಣ್ಣ ಮೇಲೆ ಬರುತ್ತದೆ, ಏನೂ ಕಾಣುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಹೇಳಿ ಎಲ್ಲಿಗೋ ಡಿಕ್ಕಿ ಹೊಡೆದ. ಹಾಲ್ ನಕ್ಕಿತು. ಅಳುತ್ತಿದ್ದವರೇ ಮೂಗು ಸೀಟಿಕೊಂಡು ನಕ್ಕರು, ಹಿಂದಿನ ಸಾಲಿನ ತಾಯಿಯೂ ನಕ್ಕಳು.

"ಆಡು ತಿಂದ್ ಟೋಪಿ ಹ್ಯಾಂಗ್ ಬಂತವ್ವಾ?" ಎಂದೆ.

"ಉಗುಳ್ತು ಅಪ್ಪಾ," ಎಂದಳು.

ನಾನೂ ನಕ್ಕೆ. ನಗುತ್ತಿರುವಾಗಲೇ ನನಗೆ ಬೆಳಗಿನದೆಲ್ಲ ಹೊಳೆಯಿತು. ಇಷ್ಟು ಸರಾಗವಾಗಿ ಸಾವಿನ ಜಾಗದಲ್ಲಿ ಆಡನ್ನು ತಂದು ಕಟ್ಟುವುದನ್ನು ಈ ಹುಡುಗಿ ಈಗ ಕಲಿತದ್ದಲ್ಲ. ಬೆಳಗ್ಗೆ ಆಸ್ಪತ್ರೆಯ ಬಾಗಿಲಿನಿಂದ ಹೊರಗೆ ಬರುವಾಗಲೇ ಕಲಿತು ಬಂದಿದ್ದಾಳೆ. ಸೂಜಿ ಬೇಡ ಎಂದದ್ದು ಒಂದು ಆಡು. ಸುಧಾರಿಸಿದೆ ಎಂದದ್ದು ಇನ್ನೊಂದು ಆಡು. ಭಾವ ಪಿಚ್ಚರಿಗೆ ಬಂದು ಇಷ್ಟು ಹೊತ್ತು ಕುಳಿತದ್ದು ಎಲ್ಲಕ್ಕಿಂತ ದೊಡ್ಡ ಆಡು. ನನಗೆ ಅಷ್ಟು ಸಿಟ್ಟು ಬಂತು, ಎದ್ದು ಹೊರಗೆ ಹೋಗೋಣವೆನಿಸಿತು. ಆದರೆ ಹೊರಗಿನ ಬಾಗಿಲು ಯಾವ ಕಡೆಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಸಂಜೆ ಭಾವ ಔರಾದದ ಬಸ್ಸು ಹತ್ತುವ ಮೊದಲು ನನ್ನ ಎರಡೂ ಕೈ ಹಿಡಿದುಕೊಂಡರು. "ಚಿಂತಿ ಮಾಡಬ್ಯಾಡ್ರಿ ಭಾವ" ಎಂದರು. ಸುಧಾರಿಸಿದ ಕಣ್ಣಿಗೆ ಯಾರು ಚಿಂತೆ ಮಾಡುತ್ತಾರೆ ಎಂದು ಕೇಳಬೇಕೆಂದಿದ್ದೆ. ಅವರು ನನ್ನ ಕೈ ಬಿಡಲೇ ಇಲ್ಲ, ನಾನು ಕೇಳುವುದನ್ನು ಬಿಟ್ಟೆ.

ಭಾಲ್ಕಿಯ ಬಸ್ಸಿನಲ್ಲಿ ಹೆಂಡತಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನಾನು, ಮಗಳು ಹಿಂದೆ ಕುಳಿತೆವು. ಊರು ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಬಸ್ಸು ತೆವಳತೊಡಗಿತು. ಮುಂದಿನಿಂದ ಹೆಂಡತಿ ಮೂಗು ಏರಿಸುವುದು ಆಗಾಗ ಕೇಳುತ್ತಿತ್ತು. ಸೆರಗಿನಲ್ಲಿ ಅಡಗಿಸಿದ ಅಳುವನ್ನು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗುರುತಿಸಲು ಕಣ್ಣು ಬೇಕಿಲ್ಲ.

"ಅವ್ವಾ, ಡುಮ್ಯಾನ ಅಣ್ಣ ಟೋಪಿ ತೆಗದ ಮ್ಯಾಲ ಎದ್ದನೇನು?" ಎಂದು ಮಗಳನ್ನು ಕೇಳಿದೆ.

ಅವಳು ಕಿಟಕಿಯ ಗಾಜು ಎಳೆದು ಮುಚ್ಚಿದಳು.

"ನಮ್ ಅಂಗಡಿ ಕಾನೂನು ಮರತಿಯೇನು? ಹಿಂದ ನಿಂತು ಸುಳ್ಳ ಹೇಳಿದವ್ರಿಗಿ ಏನ್ ಮಾಡ್ತಿದ್ದೆ ನಾ?"

"ಹೊರಗ ಹಾಕ್ತಿದ್ದಿ." ಆಮೇಲೆ ಹೇಳಿದಳು: "ಏಳ್ಲಿಲ್ಲಪ್ಪಾ. ಅವ ಸತ್ತೇ ಹೋದ."

"ಡಾಕ್ಟರ್ ಏನಂದ್ರು?"

"ಬಲಗಣ್ಣೂ ಹೋಗ್ತದಂತ. ಒಳಗ ಎಲ್ಲಾ ಕೆಟ್ಟದಂತ. ಇನ್ ಸೂಜಿ ಹಾಕಿದ್ರೂ ಏನೂ ಉಪಯೋಗಿಲ್ಲ, ಸುಮ್ನ ಯಾಕ ತ್ರಾಸ್ ಕೊಡ್ತೀರಿ ಅಂದ್ರು." ಅವಳು ಅಳಲಿಲ್ಲ. ಬಸ್ಸಿನ ನಿಲ್ದಾಣಗಳ ಹೆಸರು ಹೇಳುವ ಹಾಗೆ ಹೇಳಿದಳು. "ಅವ್ವ ಹೇಳಬ್ಯಾಡ ಅಂತ ಆಣಿ ಹಾಕ್ಸ್ಯಾಳ."

ನಾನು ಅವಳ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡೆ. ಇನ್ನು ಮುಂದೆ ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದೆ. ಯಾರು ಏನೇ ಅನ್ನಲಿ, ನನಗೆ ನೋವಾಗಲಿ ಬಿಡಲಿ, ಇರುವುದನ್ನೇ ಹೇಳಬೇಕು. ಕಣ್ಣು ಹೋದ ಮೇಲೆ ನನಗೆ ಉಳಿಯುವುದು ನಿನ್ನ ಬಾಯಿಯೊಂದೇ ಎಂದೆ. ತಾಯಿಯ ಆಣೆಗಿಂತ ನನ್ನ ಆಣೆ ದೊಡ್ಡದೆಂದು ಎದೆ ಸೆಟೆಸಿ ಕುಳಿತೆ. ಮಗಳು ಹೂಂ ಎಂದಳು. ಅವಳು ಹೂಂ ಎಂದರೆ ಮುಗಿಯಿತು, ಹಟದಲ್ಲಿ ನನ್ನದೇ ರಕ್ತ.

ಬಲಗಣ್ಣು ಡಾಕ್ಟರು ಹೇಳಿದ ಹಾಗೆಯೇ ಹೋಯಿತು. ಮೊದಲು ಬಣ್ಣಗಳು ಹೋದವು. ಆಮೇಲೆ ಅಂಗಡಿಯ ಬಾಗಿಲಿನ ಬಿಸಿಲು ಮಾತ್ರ ಕಾಣುತ್ತಿತ್ತು, ಒಂದು ದಿನ ಅದೂ ಇಲ್ಲವಾಯಿತು. ಹಗಲೋ ಇರುಳೋ ಎಂದು ಗೋಡೆಯ ಬಿಸಿ ಮುಟ್ಟಿ ತಿಳಿದುಕೊಳ್ಳುವುದಾಯಿತು. ಕತ್ತಲೆಯಲ್ಲಿ ಬೇರೆ ಕಣ್ಣು ತೆರೆಯುತ್ತದೆ, ಮನಸ್ಸು ಬೆಳಗುತ್ತದೆ ಎಂದೆಲ್ಲ ಹೇಳುವವರು ಬಂದು ಹೋದರು. ಅಂಥದ್ದೇನೂ ಆಗಲಿಲ್ಲ. ಕತ್ತಲೆ ಕತ್ತಲೆಯಾಗಿಯೇ ಇದೆ. ಇದನ್ನು ಕೂಡ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ.

ಮಗಳು ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ. ಒಂದು ದಿನವೂ ತಪ್ಪಿಲ್ಲ. ಅಂಗಿಯ ಮೇಲೆ ಸಾರು ಚೆಲ್ಲಿದ್ದರೆ ಚೆಲ್ಲಿದೆ ಎನ್ನುತ್ತಾಳೆ. ಅವ್ವನ ಕೂದಲು ಮುಂದಿನದೆಲ್ಲ ಬೆಳ್ಳಗಾಗಿದೆ ಎನ್ನುತ್ತಾಳೆ. ಹಳೆಯ ಗಿರಾಕಿಯೊಬ್ಬ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ಹೋದರೆ, "ಅವ ದಾಟಿ ಆ ಕಡಿ ಹೋದ ಅಪ್ಪಾ" ಎನ್ನುತ್ತಾಳೆ. ಶಟರಿನ ಕೆಳಗೆಲ್ಲ ತುಕ್ಕು ಹಿಡಿದಿದೆ, ಮೂಲೆಯ ಟಿವಿಯಲ್ಲಿ ಇಲಿ ಗೂಡು ಮಾಡಿದೆ, ನಿನ್ನ ಕಣ್ಣುಗಳು ಎತ್ತಲೋ ನೋಡುತ್ತವೆ ಅಪ್ಪಾ, ಮಾತಾಡುವಾಗ ಜನ ನಿನ್ನ ಮುಖ ನೋಡುವುದಿಲ್ಲ. ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತಾಳೆ. ಚೇಳಿಗೆ ಮಾವನ ಮೀಸೆ ಅಂಟಿಸಿ ಹೇಳುತ್ತಿದ್ದ ಹುಡುಗಿ ಎಲ್ಲಿ ಹೋದಳೆಂದು ಹುಡುಕಲು ನನಗೆ ಯಾವ ನೆಲಮಾಳಿಗೆಯ ದಾರಿಯೂ ಗೊತ್ತಿಲ್ಲ. ಮನೆಯಲ್ಲಿ ಯಾರೂ ನಕ್ಕ ಸದ್ದು ಕೇಳಿ ಬಹಳ ದಿನವಾಯಿತು. ಹೆಂಡತಿ ನನ್ನ ಮೇಲೆ ಸಿಟ್ಟಾಗಿದ್ದಾಳೆ. ಕೂಸಿನ ಬಾಯಿಂದ ಅದನ್ನು ಹೇಳಿಸಿದೆನೆಂದು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಮೊನ್ನೆ ಸಂಜೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಹೊರಗೆ ಮಳೆ ಬಂದು ನಿಂತಿತ್ತು. ನಾನು ಹಳೆಯ ಬೆಂಚಿನ ಮೇಲೆ ಕುಳಿತಿದ್ದೆ, ಮಗಳು ಪಕ್ಕದಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದಳು. ಅಂದು ಯಾಕೋ ತಡೆಯಲಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಕೇಳಿ ಕೇಳಿ ನನ್ನೊಳಗೆ ಉಸಿರಾಡಲು ಜಾಗವಿರಲಿಲ್ಲ. ಆ ಸಿನಿಮಾ ಮಾಡಿದವರಿಗೆ ಗೊತ್ತಿದ್ದದ್ದು ನನಗೆ ಬಸ್ಸಿನಲ್ಲಿ ಗೊತ್ತಾಗಿರಲಿಲ್ಲ. ಅವರು ಅಣ್ಣನನ್ನು ಸಾಯಿಸಿದರು, ಆದರೆ ಅವನ ಟೋಪಿಯನ್ನು ತಮ್ಮನ ತಲೆಗೆ ಹಾಕಿ ಒಮ್ಮೆ ಎಡವಿಸಿಯೇ ಮುಂದೆ ಕಳಿಸಿದರು.

"ಅವ್ವಾ," ಎಂದೆ. "ಆ ಡುಮ್ಯಾನ ಪಿಚ್ಚರ್ ಕಥಿ ಇನ್ನೊಮ್ಮಿ ಹೇಳು. ಆಡಿಂದೂ ಸೇರ್ಸಿ ಹೇಳು."

ಪೆನ್ನಿನ ಸದ್ದು ನಿಂತಿತು.

"ಆಡ್ ಇರ್ಲಿಲ್ಲಪ್ಪಾ."

"ಇರ್ಲಿಲ್ಲ, ನನಗ ಗೊತ್ತದ. ಕೊರಳಾಗ ಗಂಟಿ ಇತ್ತಂತ ಹೇಳಿದ್ದಿಯಲ್ಲಾ, ಅದೇ ಆಡು. ಸುಳ್ಳಾದ್ರೂ ಆಗ್ಲಿ. ಆಣಿ ಹಾಕ್ಸಿದವ ನಾನೇ ಹೇಳ್ತೇನಿ, ಹೇಳು."

ಅವಳು ಯೋಚಿಸುತ್ತಿದ್ದಾಳೆ ಎಂದುಕೊಂಡೆ. ಸೂರಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ನಗುವುದಕ್ಕೆ ನಾನು ಮುಖವನ್ನು ಸಿದ್ಧ ಮಾಡಿಕೊಂಡೇ ಕುಳಿತಿದ್ದೆ.

"ಆಡ್ ಇರ್ಲೇ ಇಲ್ಲಪ್ಪಾ," ಎಂದಳು. ಆಮೇಲೆ ಪೆನ್ನು ಮತ್ತೆ ಕಾಗದದ ಮೇಲೆ ಓಡತೊಡಗಿತು.